ಬೂಷ್ಟಿಗೆ ಬೂಸ್ಟು ಮದ್ದಲ್ಲ

ಮಳೆಗಾಲ ಮುಗಿಯುವ ಹೊತ್ತಿಗೆ, ಕಪಾಟಿನ ಮೂಲೆಯಲ್ಲಿ ನೇತುಹಾಕಿದ್ದ ಚರ್ಮದ ಬೆಲ್ಟನ್ನು ಈಚೆಗೆ ತೆಗೆದೆ. ಕಪ್ಪು ಬೆಲ್ಟು ಬೂದಿ ಬಳಿದುಕೊಂಡ ಹಾಗೆ ಹಸಿರುಹಸಿರಾಗಿತ್ತು. ಹಳೆ ಪಂಚೆಯ ಚೂರಿನಿಂದ ಎರಡು ಸಲ ಕೊಡವಿದೆ. ಕಿಟಕಿಯಿಂದ ಬೀಳುತ್ತಿದ್ದ ಬಿಸಿಲುಕೋಲಿನಲ್ಲಿ ಬೂಷ್ಟಿನ ಪುಡಿ ಹೊಗೆಯಂತೆ ಎದ್ದಿತು. ಅರ್ಧ ನೆಲಕ್ಕೆ ಇಳಿಯಿತು, ಇನ್ನರ್ಧ ಎಲ್ಲಿಗೆ ಹೋಯಿತೆಂಬುದು ಮೂಗಿಗೇ ಗೊತ್ತು. ಎರಡು ಸೀನು ಬಂದವು. ಬೆಲ್ಟು ಕಟ್ಟಿಕೊಂಡು ಕೆಲಸಕ್ಕೆ ಹೊರಟೆ. ಮರುದಿನ ಜ್ವರವಿಲ್ಲ, ಕೆಮ್ಮಿಲ್ಲ, ಏನೂ ಆಗಲಿಲ್ಲ.

ಹೀಗೆ ಏನೂ ಆಗದಿರುವುದು ಸಣ್ಣ ಸಂಗತಿಯಲ್ಲ. ಬೆಲ್ಟು ಕೊಡವದಿದ್ದರೂ ನಾವೆಲ್ಲ ದಿನಕ್ಕೆ ನೂರಾರು ಬೂಷ್ಟಿನ ಬೀಜಾಣುಗಳನ್ನು ಉಸಿರಿನ ಜೊತೆ ಒಳಗೆಳೆದುಕೊಳ್ಳುತ್ತೇವೆ. ಅವುಗಳಲ್ಲಿ ಆಸ್ಪರ್‌ಜಿಲಸ್ ಎಂಬ ಜಾತಿಯ ಬೀಜಾಣು ಎರಡು ಮೂರು ಮೈಕ್ರಾನ್ ಗಾತ್ರದ್ದು. ಒಂದು ಮಿಲಿಮೀಟರಿನ ಉದ್ದಕ್ಕೆ ಮುನ್ನೂರು ನಾನೂರನ್ನು ಸಾಲಾಗಿ ಕೂರಿಸಬಹುದು. ಅಷ್ಟು ಸಣ್ಣದಾದ್ದರಿಂದ ಮೂಗಿನ ಕೂದಲು, ಗಂಟಲಿನ ಲೋಳೆ ಎಲ್ಲವನ್ನೂ ತಪ್ಪಿಸಿಕೊಂಡು ಶ್ವಾಸಕೋಶದ ಕೊನೆಯ ಗಾಳಿಗೂಡಿನವರೆಗೆ ಇಳಿಯುತ್ತದೆ. ಅಲ್ಲಿ ಬೆಚ್ಚಗಿದೆ, ತೇವವಿದೆ, ತಿನ್ನಲು ಬೇಕಾದಷ್ಟಿದೆ. ಅನ್ನದ ಮೇಲೆ ಎರಡೇ ದಿನದಲ್ಲಿ ಬೆಳೆಯುವ ಬೂಷ್ಟು ಅಲ್ಲಿ ಏಕೆ ಬೆಳೆಯುವುದಿಲ್ಲ?

‘ಇಮ್ಯೂನಿಟಿ ಚೆನ್ನಾಗಿದೆ, ಅದಕ್ಕೇ’ ಎಂದು ಯಾರಾದರೂ ಹೇಳಿಯಾರು. ಕೋವಿಡ್ ಬಂದಾಗಿನಿಂದ ಈ ಮಾತು ನಮ್ಮ ನಾಲಿಗೆಯ ತುದಿಯಲ್ಲೇ ಇದೆ. ಕಷಾಯದಿಂದ ಹಿಡಿದು ಬಿಸ್ಕತ್ತಿನವರೆಗೆ ಎಲ್ಲದರ ಮೇಲೂ ‘ಇಮ್ಯೂನಿಟಿ ಬೂಸ್ಟರ್’ ಎಂಬ ಚೀಟಿ ಅಂಟಿತು. ರೋಗನಿರೋಧಕ ಶಕ್ತಿ ಎಂದರೆ ಟ್ಯಾಂಕಿನಲ್ಲಿರುವ ನೀರು, ಹೆಚ್ಚು ತುಂಬಿಸಿದಷ್ಟೂ ಒಳ್ಳೆಯದು ಎಂಬ ಕಲ್ಪನೆ ಮನೆಮಾಡಿತು. ಬೂಷ್ಟಿನ ವಿಷಯಕ್ಕೆ ಬಂದರೆ ಈ ಕಲ್ಪನೆ ಮಕಾಡೆ ಮಲಗುತ್ತದೆ. ಏಕೆಂದರೆ ಅಲ್ಲಿ ಶಕ್ತಿಗಿಂತ ಮೊದಲು ಬೇಕಾದದ್ದು ಗುರುತು. ಬಂದದ್ದು ಯಾರು, ಎಷ್ಟು ದೊಡ್ಡದು, ಮಲಗಿದೆಯೋ ಎದ್ದಿದೆಯೋ ಎಂದು ತಿಳಿದ ಮೇಲೆ ತಾನೆ ಹೊಡೆತದ ಮಾತು?

ಗುರುತು ಹಿಡಿಯುವುದು ಸುಲಭವೂ ಅಲ್ಲ. ಬ್ಯಾಕ್ಟೀರಿಯಾ ನಮಗೆ ತೀರಾ ದೂರದ ಜೀವಿ, ಅದರ ಮೈಕಟ್ಟೇ ಬೇರೆ. ಬೂಷ್ಟು, ಯೀಸ್ಟುಗಳೆಲ್ಲ ಸೇರುವ ಶಿಲೀಂಧ್ರ ಹಾಗಲ್ಲ. ಜೀವವಂಶದ ಲೆಕ್ಕದಲ್ಲಿ ಅದು ಗಿಡಮರಗಳಿಗಿಂತ ಪ್ರಾಣಿಗಳಿಗೇ ಹತ್ತಿರದ ದಾಯಾದಿ. ದೋಸೆ ಹಿಟ್ಟಿನಲ್ಲಿರುವ ಯೀಸ್ಟಿನ ಕೋಶವನ್ನು ಬಿಚ್ಚಿ ನೋಡಿದರೆ ನಮ್ಮ ಕೋಶದಲ್ಲಿರುವಂಥದೇ ಕೇಂದ್ರ, ಅಂಥದೇ ಶಕ್ತಿ ಉತ್ಪಾದನೆಯ ವ್ಯವಸ್ಥೆ. ಬ್ಯಾಕ್ಟೀರಿಯಾಕ್ಕೆ ಇರುವಷ್ಟು ಔಷಧಿ ಶಿಲೀಂಧ್ರಕ್ಕೆ ಇಲ್ಲದಿರಲು ಇದೇ ಕಾರಣ. ಅದನ್ನು ಕೊಲ್ಲುವ ವಿಷ ನಮ್ಮ ಕೋಶಗಳನ್ನೂ ಕಾಡುತ್ತದೆ. ಎದ್ದು ಕಾಣುವ ವ್ಯತ್ಯಾಸವಿರುವುದು ಹೊರಗಿನ ಗೋಡೆಯಲ್ಲಿ. ಶಿಲೀಂಧ್ರದ ಪ್ರತಿ ಕೋಶಕ್ಕೂ ಸಕ್ಕರೆಯ ಸರಪಳಿಗಳಿಂದ ನೇಯ್ದ ಗಟ್ಟಿ ಭಿತ್ತಿ ಇದೆ. ಅದರಲ್ಲಿರುವ ಬೀಟಾ-ಗ್ಲುಕಾನ್ ಎಂಬ ಸಕ್ಕರೆಯನ್ನು ನಮ್ಮ ದೇಹ ತಯಾರಿಸುವುದೇ ಇಲ್ಲ. ಹಾಗಾಗಿ ಅದು ಕಂಡರೆ ಹೊರಗಿನವರು ಬಂದರೆಂದೇ ಅರ್ಥ.

ಅದನ್ನು ಕಾಣುವವರು ಯಾರು? ನಮ್ಮ ಬಿಳಿ ರಕ್ತಕಣಗಳ ಮೈಮೇಲಿರುವ ರಿಸೆಪ್ಟರ್‌ಗಳು. ಪಠ್ಯಪುಸ್ತಕದಲ್ಲಿ ಇವನ್ನು ‘ಗ್ರಾಹಕ’ ಎನ್ನುತ್ತಾರೆ. ಆ ಪದ ಕೇಳಿದರೆ ಕಿರಾಣಿ ಅಂಗಡಿಯ ಮುಂದೆ ಚೀಲ ಹಿಡಿದು ನಿಂತವರೇ ನೆನಪಾಗುವುದರಿಂದ ನಾನು ರಿಸೆಪ್ಟರ್ ಎಂದೇ ಬರೆಯುತ್ತೇನೆ. ಕೋಶದ ಪೊರೆಯಲ್ಲಿ ಅರ್ಧ ಹೊರಗೆ ಅರ್ಧ ಒಳಗೆ ಸಿಕ್ಕಿಸಿದ ಪ್ರೋಟೀನು ಅದು. ಹೊರಗಿನ ತುದಿ ಒಂದು ನಿರ್ದಿಷ್ಟ ಆಕಾರವನ್ನು ಮಾತ್ರ ಹಿಡಿದುಕೊಳ್ಳುತ್ತದೆ. ಹಿಡಿದ ಕೂಡಲೇ ಒಳಗಿನ ತುದಿ ಕೋಶಕ್ಕೆ ಸುದ್ದಿ ಮುಟ್ಟಿಸುತ್ತದೆ.

ಹೀಗೊಂದು ಗುರುತಿನ ವ್ಯವಸ್ಥೆ ಹುಟ್ಟಿನಿಂದಲೇ ನಮ್ಮಲ್ಲಿ ಇರಬೇಕು ಎಂದು 1989ರಲ್ಲಿ ತರ್ಕಿಸಿದವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚಾರ್ಲ್ಸ್ ಜೇನ್‌ವೇ. ಕಣ್ಣಿಗೆ ಹೊಡೆಯುವ ಪುರಾವೆ ಸಿಕ್ಕಿದ್ದು ಏಳು ವರ್ಷಗಳ ನಂತರ, ಅದೂ ಬಾಳೆಹಣ್ಣಿನ ಮೇಲೆ ಕೂರುವ ಪುಟ್ಟ ಹಣ್ಣುನೊಣದಲ್ಲಿ. ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್‌ನಲ್ಲಿ ಜೂಲ್ಸ್ ಹಾಫ್‌ಮನ್ ಅವರ ಪ್ರಯೋಗಾಲಯ ‘ಟೋಲ್’ ಎಂಬ ಜೀನು ಕೆಟ್ಟಿರುವ ನೊಣಗಳಿಗೆ ಆಸ್ಪರ್‌ಜಿಲಸ್ ಸೋಂಕು ತಗುಲಿಸಿತು. ಸಾಮಾನ್ಯ ನೊಣಗಳು ತಾಳಿಕೊಂಡವು. ಟೋಲ್ ಇಲ್ಲದವು ಕೆಲವೇ ದಿನಗಳಲ್ಲಿ ಸತ್ತವು. 1996ರಲ್ಲಿ ಪ್ರಕಟವಾದ ಆ ಚಿತ್ರವನ್ನು ನೋಡಿದವರು ಮರೆಯುವುದಿಲ್ಲ: ಸತ್ತ ನೊಣದ ಮೈತುಂಬ ಶಿಲೀಂಧ್ರದ ಎಳೆಗಳು ಎದ್ದು ನಿಂತಿವೆ, ಬೇಲಿಯ ಮೇಲೆ ಹಬ್ಬಿದ ಬಳ್ಳಿಯಂತೆ. ಒಂದು ಜೀನು ಕೆಟ್ಟದ್ದಕ್ಕೆ ನೊಣವೇ ಬೂಷ್ಟು ಹಿಡಿದ ಬ್ರೆಡ್ಡಿನಂತಾಯಿತು.

ನೊಣದ ಟೋಲ್ ಬೂಷ್ಟನ್ನು ತಾನೇ ಮುಟ್ಟಿ ನೋಡುವುದಿಲ್ಲ ಎಂಬುದು ಮುಂದೆ ತಿಳಿಯಿತು. ಬೇರೊಂದು ಪ್ರೋಟೀನು ಬೀಟಾ-ಗ್ಲುಕಾನನ್ನು ಹಿಡಿದು ಸುದ್ದಿ ಕಳಿಸುತ್ತದೆ, ಟೋಲ್ ಗಂಟೆ ಬಾರಿಸುತ್ತದೆ. 1997ರಲ್ಲಿ ಜೇನ್‌ವೇ ಮತ್ತು ಅವರ ಸಹೋದ್ಯೋಗಿ ರುಸ್ಲಾನ್ ಮೆಡ್‌ಜಿಟೊವ್ ಮನುಷ್ಯರಲ್ಲೂ ಟೋಲ್‌ನಂಥ ರಿಸೆಪ್ಟರ್ ಇದೆಯೆಂದು ತೋರಿಸಿದರು. 2011ರ ನೊಬೆಲ್ ಬಹುಮಾನದಲ್ಲಿ ಹಾಫ್‌ಮನ್ ಅವರಿಗೆ ಪಾಲು ಸಿಕ್ಕಿತು.

ಹಾಗಾದರೆ ಬೀಟಾ-ಗ್ಲುಕಾನನ್ನು ನಮ್ಮ ಕೋಶಗಳು ಯಾವುದರಿಂದ ಹಿಡಿಯುತ್ತವೆ? ಇದಕ್ಕೆ ಉತ್ತರ ಕೊಟ್ಟವರಲ್ಲಿ ಒಬ್ಬರು ಬ್ರಿಟನ್ನಿನ ಮಾಜಿ ಪ್ರಧಾನಿಯ ಹೆಸರನ್ನೇ ಹೊತ್ತ ವಿಜ್ಞಾನಿ ಗಾರ್ಡನ್ ಬ್ರೌನ್. ಆಕ್ಸ್‌ಫರ್ಡ್‌ನಲ್ಲಿ ಸಯಮನ್ ಗಾರ್ಡನ್ ಜೊತೆ ಅವರು ಮಾಡಿದ ಪ್ರಯೋಗದ ಉಪಾಯ ಸೊಗಸಾಗಿತ್ತು. ಶಿಲೀಂಧ್ರವನ್ನು ಹಿಡಿಯಬಲ್ಲ ಮ್ಯಾಕ್ರೋಫೇಜ್ ಎಂಬ ಬಿಳಿ ರಕ್ತಕಣದ ಜೀನುಗಳನ್ನು, ಹಿಡಿಯಲು ಬಾರದ ಸಾಮಾನ್ಯ ಕೋಶಗಳಿಗೆ ಹಂಚಿಹಾಕಿದರು. ಆಮೇಲೆ ಯೀಸ್ಟ್ ಭಿತ್ತಿಯ ಪುಡಿಯನ್ನು ಮುಂದಿಟ್ಟು, ಯಾವ ಕೋಶ ಅದಕ್ಕೆ ಅಂಟಿಕೊಳ್ಳುತ್ತದೆಂದು ಹುಡುಕಿದರು. ಅಂಟಿಕೊಂಡ ಕೋಶದಲ್ಲಿ ಸಿಕ್ಕ ಜೀನು ಡೆಕ್ಟಿನ್-1 ಎಂಬ ರಿಸೆಪ್ಟರಿನದು. ವರದಿ ಪ್ರಕಟವಾದದ್ದು 2001ರಲ್ಲಿ. ಅದೇ ವರ್ಷ ಅಮೆರಿಕದಲ್ಲಿ ಕ್ಯಾಸ್ಪೊಫಂಜಿನ್ ಎಂಬ ಹೊಸ ಔಷಧಿಗೆ ಪರವಾನಗಿ ಸಿಕ್ಕಿತು. ಅದರ ಕೆಲಸ ಶಿಲೀಂಧ್ರ ಬೀಟಾ-ಗ್ಲುಕಾನ್ ನೇಯದಂತೆ ತಡೆಯುವುದು. ನಮ್ಮ ಕೋಶಗಳು ಯಾವ ಗುರುತನ್ನು ಹುಡುಕುತ್ತಿದ್ದವೋ ಔಷಧಿ ತಯಾರಕರೂ ಅದೇ ಜಾಗಕ್ಕೆ ಬಂದು ಮುಟ್ಟಿದ್ದರು.

ಡೆಕ್ಟಿನ್-1ರ ಜಾಣತನ ಗೊತ್ತಾಗುವುದು ಅದು ಯಾವಾಗ ಸುಮ್ಮನಿರುತ್ತದೆ ಎಂದು ನೋಡಿದಾಗ. ಶಿಲೀಂಧ್ರದಿಂದ ಉದುರಿದ ಬೀಟಾ-ಗ್ಲುಕಾನಿನ ಚೂರುಗಳು ರಸದಲ್ಲಿ ಕರಗಿ ತೇಲುತ್ತಿರುತ್ತವೆ. ಅವೂ ರಿಸೆಪ್ಟರಿಗೆ ಬಂದು ಕೂರುತ್ತವೆ. ಪ್ರತಿ ಚೂರಿಗೂ ಗಂಟೆ ಬಾರಿಸಿದರೆ ಕೋಶಕ್ಕೆ ಹುಚ್ಚು ಹಿಡಿದೀತು. 2011ರಲ್ಲಿ ಲಾಸ್ ಏಂಜಲೀಸ್‌ನ ತಂಡವೊಂದು ಇದರ ಗುಟ್ಟು ಬಿಡಿಸಿತು. ಡೆಕ್ಟಿನ್-1ರ ಅಕ್ಕಪಕ್ಕದಲ್ಲಿ ಸದಾ ‘ತಡಿ, ತಡಿ’ ಎಂದು ಅದರ ಸುದ್ದಿಯನ್ನು ಅಳಿಸುವ ಎರಡು ಪ್ರೋಟೀನುಗಳಿರುತ್ತವೆ. ಕರಗಿದ ಚೂರು ಬಂದರೆ ಇವು ಜಾಗ ಬಿಡುವುದಿಲ್ಲ, ಸುದ್ದಿ ಅಲ್ಲೇ ಅಳಿಸಿಹೋಗುತ್ತದೆ. ಇಡೀ ಯೀಸ್ಟ್ ಕಣ ಬಂದು ಪೊರೆಗೆ ಒತ್ತಿಕೊಂಡಾಗ ಮಾತ್ರ, ಉದ್ದ ತಲೆಯ ಈ ಕಾವಲುಗಾರರು ನಡುವಿನ ಇಕ್ಕಟ್ಟಿನಲ್ಲಿ ನಿಲ್ಲಲಾಗದೆ ಅಂಚಿಗೆ ಸರಿಯುತ್ತಾರೆ. ತಡೆಯುವವರಿಲ್ಲದ ಆ ಪುಟ್ಟ ವೃತ್ತದಲ್ಲಿ ಡೆಕ್ಟಿನ್-1 ಬಾಯಿಬಿಡುತ್ತದೆ. ಪೊರೆ ಮೇಲೆದ್ದು ಯೀಸ್ಟನ್ನು ಸುತ್ತಿಕೊಂಡು ನುಂಗುತ್ತದೆ. ಶಿಲೀಂಧ್ರ ತನ್ನ ಮೈಗೆ ತಾಗಿ ಕೂತಿದೆಯೋ, ದೂರದಲ್ಲೆಲ್ಲೋ ಇದ್ದು ವಾಸನೆ ಮಾತ್ರ ಬರುತ್ತಿದೆಯೋ ಎಂಬ ವಿವೇಚನೆ ಕೋಶಕ್ಕೆ ದಕ್ಕುವುದು ಹೀಗೆ.

ಅಳತೆಯನ್ನೂ ಅದು ನೋಡುತ್ತದೆ. ಕ್ಯಾಂಡಿಡಾ ಎಂಬ ಶಿಲೀಂಧ್ರ ನಮ್ಮಲ್ಲಿ ಅನೇಕರ ಬಾಯಿ, ಕರುಳಿನಲ್ಲಿ ಗುಂಡಗಿನ ಯೀಸ್ಟಾಗಿ ತಂಟೆ ಮಾಡದೆ ಬದುಕಿಕೊಂಡಿರುತ್ತದೆ. ಸಂದರ್ಭ ಸಿಕ್ಕರೆ ಉದ್ದನೆಯ ಎಳೆಯಾಗಿ ಬೆಳೆದು ಚರ್ಮದ ಪದರವನ್ನು ಸೀಳುತ್ತದೆ. ಗುಂಡಗಿನದನ್ನು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಲಬಕ್ಕನೆ ನುಂಗಬಲ್ಲದು. ತನಗಿಂತ ಹತ್ತು ಪಟ್ಟು ಉದ್ದದ ಎಳೆಯನ್ನು ನುಂಗುವುದು ಹೇಗೆ? ಆಗ ಅದು ಪ್ರಾಣವನ್ನೇ ಪಣಕ್ಕಿಟ್ಟು ತನ್ನ ಡಿಎನ್‌ಎಯನ್ನು ಹೊರಗೆ ಕಕ್ಕಿ ಬಲೆಯಂತೆ ಬೀಸುತ್ತದೆ. ಬಲೆಗೆ ಶಿಲೀಂಧ್ರ ಸಿಕ್ಕಿಬೀಳುತ್ತದೆ, ಜೊತೆಗೆ ನಮ್ಮ ಅಂಗಾಂಶಕ್ಕೂ ಪೆಟ್ಟಾಗುತ್ತದೆ. ಆದ್ದರಿಂದ ಬಲೆ ಕೊನೆಯ ಅಸ್ತ್ರವಾಗಿರಬೇಕು. ನುಂಗಲಾಗುವಂಥದನ್ನು ಡೆಕ್ಟಿನ್-1ರ ಮೂಲಕ ನುಂಗಿಬಿಟ್ಟರೆ ಬಲೆಯ ಸಿದ್ಧತೆ ಅಲ್ಲಿಗೇ ನಿಲ್ಲುತ್ತದೆ ಎಂದು 2014ರ ಸಂಶೋಧನೆಯೊಂದು ತೋರಿಸಿತು. ಡೆಕ್ಟಿನ್-1 ಇಲ್ಲದ ಇಲಿಗಳಲ್ಲಿ ನ್ಯೂಟ್ರೋಫಿಲ್‌ಗಳು ಸಣ್ಣ ಯೀಸ್ಟಿಗೂ ಬಲೆ ಬೀಸಿ ಇಲಿಯ ಅಂಗಾಂಶವನ್ನೇ ಹಾಳುಮಾಡಿದವು. ರಿಸೆಪ್ಟರ್ ಎಂದರೆ ದಾಳಿಗೆ ಕರೆ ಕೊಡುವ ಕಹಳೆ ಅಂದುಕೊಂಡಿದ್ದೆವು. ಇಲ್ಲಿ ಅದು ಕೈ ಹಿಡಿದು ನಿಲ್ಲಿಸುವ ಹಿರಿಯನ ಕೆಲಸವನ್ನೂ ಮಾಡುತ್ತಿದೆ.

ಶಿಲೀಂಧ್ರವೇನೂ ಕೈಕಟ್ಟಿ ಕೂತಿಲ್ಲ. ಕ್ಯಾಂಡಿಡಾ ತನ್ನ ಬೀಟಾ-ಗ್ಲುಕಾನಿನ ಮೇಲೆ ಮ್ಯಾನಾನ್ ಎಂಬ ಇನ್ನೊಂದು ಸಕ್ಕರೆಯ ಹೊದಿಕೆ ಹೊದೆಯುತ್ತದೆ. ಏಡ್ಸ್ ರೋಗಿಗಳ ಮಿದುಳಿಗೆ ಇಳಿಯುವ ಕ್ರಿಪ್ಟೊಕಾಕಸ್ ದಪ್ಪನೆಯ ಲೋಳೆಗವಚ ತೊಟ್ಟಿರುತ್ತದೆ. ನನ್ನ ಬೆಲ್ಟಿನಿಂದ ಎದ್ದಂಥ ಪುಡಿಯ ವಿಷಯದಲ್ಲಿ ನಡೆಯುವುದು ಇನ್ನೂ ಸ್ವಾರಸ್ಯದ್ದು. ಆಸ್ಪರ್‌ಜಿಲಸ್‌ನ ಒಣ ಬೀಜಾಣುವಿನ ಮೇಲೆ ನೀರು ಹತ್ತದ ಪ್ರೋಟೀನಿನ ತೆಳುವಾದ ಪದರವಿದೆ, ಕೆಸುವಿನ ಎಲೆಯ ಮೇಲಿನ ಮೇಣದ ಹಾಗೆ. ಬೀಜಾಣು ಗಾಳಿಯಲ್ಲಿ ತೇಲಲು ಅದು ಅನುಕೂಲ. ಪ್ಯಾರಿಸ್‌ನ ಪಾಸ್ಚರ್ ಸಂಸ್ಥೆಯ ತಂಡ 2009ರಲ್ಲಿ ಆ ಪದರದ ಮತ್ತೊಂದು ಉಪಯೋಗವನ್ನು ಬಯಲಿಗೆಳೆಯಿತು. ವರದಿಯ ಮೊದಲ ಲೇಖಕ ವಿಶುಕುಮಾರ್ ಐಮನಿಯಂಡ. ಪದರ ಇರುವವರೆಗೆ ಬೀಜಾಣುವನ್ನು ನಮ್ಮ ರೋಗನಿರೋಧಕ ಕೋಶಗಳು ಕಂಡೂ ಕಾಣದಂತಿರುತ್ತವೆ. ಅದನ್ನು ತೊಳೆದು ತೆಗೆದರೆ ಅದೇ ಬೀಜಾಣುವನ್ನು ನೋಡಿ ಕೆರಳುತ್ತವೆ.

ಇದು ಬೂಷ್ಟಿನ ಕಳ್ಳಾಟವೆಂದು ಕಂಡರೂ ಅದರಿಂದ ನಮಗೇ ಹೆಚ್ಚು ಲಾಭ. ದಿನಕ್ಕೆ ನೂರಾರು ಬೀಜಾಣು ಬರುವಾಗ ಪ್ರತಿಯೊಂದಕ್ಕೂ ಉರಿಯೂತ ಎಬ್ಬಿಸಿದರೆ ಶ್ವಾಸಕೋಶ ಉಸಿರಾಡುವ ಕೆಲಸ ಬಿಟ್ಟು ಬರೀ ಜಗಳವಾಡಬೇಕಾದೀತು. ಬಹುಪಾಲು ಬೀಜಾಣುಗಳನ್ನು ಗಾಳಿಗೂಡಿನ ಮ್ಯಾಕ್ರೋಫೇಜ್‌ಗಳು ಸದ್ದಿಲ್ಲದೆ ಗುಡಿಸಿಹಾಕುತ್ತವೆ. ಎಲ್ಲೋ ಒಂದು ಉಳಿದು ನೀರು ಹೀರಿ ಉಬ್ಬತೊಡಗಿದರೆ, ಮೊಳಕೆ ಬರುವ ಹೆಸರುಕಾಳಿನ ಸಿಪ್ಪೆ ಬಿರಿಯುವಂತೆ ಹೊರಪದರ ಕಳಚಿ ಒಳಗಿನ ಬೀಟಾ-ಗ್ಲುಕಾನ್ ಬೆತ್ತಲಾಗುತ್ತದೆ. ಡೆಕ್ಟಿನ್-1ರ ಕಣ್ಣಿಗೆ ಅದು ಬೀಳುವುದು ಆಗಲೇ. ಮಲಗಿದ ಬೀಜದ ತಂಟೆಗೆ ಹೋಗದೆ, ಮೊಳೆತದ್ದನ್ನು ಮಾತ್ರ ಚಿವುಟುವ ಈ ಲೆಕ್ಕಾಚಾರದಿಂದ ನಾವು ಆರಾಮಾಗಿ ಉಸಿರಾಡುತ್ತಿದ್ದೇವೆ. ಲೆಕ್ಕ ತಪ್ಪಿ ಪ್ರತಿಕ್ರಿಯೆ ಅತಿಯಾದವರೂ ಇದ್ದಾರೆ. ಉಬ್ಬಸದ ಕೆಲವು ರೋಗಿಗಳಲ್ಲಿ ಆಸ್ಪರ್‌ಜಿಲಸ್ ವಿರುದ್ಧದ ಅಲರ್ಜಿಯೇ ಶ್ವಾಸನಾಳಗಳನ್ನು ಕೆಡಿಸುತ್ತದೆ. ಅವರಿಗೆ ಬೇಕಾದದ್ದು ಬೂಸ್ಟಲ್ಲ, ಲಗಾಮು.

ಡೆಕ್ಟಿನ್-1 ಒಂಟಿಯಲ್ಲ. ಡೆಕ್ಟಿನ್-2 ಮ್ಯಾನಾನನ್ನು ಹಿಡಿಯುತ್ತದೆ. ತಲೆಹೊಟ್ಟಿಗೂ ಬೆನ್ನಿನ ಸಿಬ್ಬಿಗೂ ನಂಟಿರುವ ಮಲಾಸೀಜಿಯಾ ಎಂಬ ಶಿಲೀಂಧ್ರವನ್ನು ಮಿಂಕಲ್ ಎಂಬ ರಿಸೆಪ್ಟರ್ ಗುರುತಿಸುತ್ತದೆ. ಬೀಜಾಣುವಿಗೆ ಬಣ್ಣ ಕೊಡುವ ಮೆಲನಿನ್ನನ್ನೇ ಹಿಡಿಯುವ ರಿಸೆಪ್ಟರ್ ಕೂಡ ಇದೆಯೆಂದು 2018ರಲ್ಲಿ ತಿಳಿಯಿತು. ಡೆಕ್ಟಿನ್‌ಗಳು, ಮಿಂಕಲ್ ಮುಂತಾದವು ತರುವ ಸುದ್ದಿ ಕೋಶದೊಳಗೆ ಬಂದು ಸೇರುವುದು ಕಾರ್ಡ್-9 ಎಂಬ ಒಂದು ಪ್ರೋಟೀನಿನ ಬಳಿ. ಅಲ್ಲಿಂದ ಹೊರಟ ಆಜ್ಞೆ ಕೊನೆಗೆ ಐಎಲ್-17 ಎಂಬ ಸಂಕೇತವಾಗಿ, ನ್ಯೂಟ್ರೋಫಿಲ್‌ಗಳ ದಂಡನ್ನು ಬೂಷ್ಟು ಇರುವಲ್ಲಿಗೆ ಕರೆತರುತ್ತದೆ.

ಈ ಜೋಡಣೆಯ ಮಹತ್ವ ತಿಳಿದದ್ದು ಕುಟುಂಬಗಳ ಸಂಕಟದಿಂದ. 2009ರಲ್ಲಿ ಒಂದೇ ವೈದ್ಯಕೀಯ ಪತ್ರಿಕೆಯಲ್ಲಿ ಎರಡು ಮನೆತನಗಳ ಕಥೆ ಬಂತು. ನೆದರ್ಲೆಂಡ್ಸಿನ ಕುಟುಂಬವೊಂದರಲ್ಲಿ ಡೆಕ್ಟಿನ್-1 ಕೆಟ್ಟಿತ್ತು. ಅಲ್ಲಿನ ಹೆಣ್ಣುಮಕ್ಕಳಿಗೆ ಉಗುರಿನ ಮತ್ತು ಜನನಾಂಗದ ಶಿಲೀಂಧ್ರ ಸೋಂಕು ಮತ್ತೆ ಮತ್ತೆ ಬರುತ್ತಿತ್ತು, ಆದರೆ ಅದು ಮೈಯೊಳಗೆ ಇಳಿದಿರಲಿಲ್ಲ. ಇರಾನಿನ ಕುಟುಂಬದಲ್ಲಿ ಕಾರ್ಡ್-9 ಕೆಟ್ಟಿತ್ತು. ಅಲ್ಲಿ ಕ್ಯಾಂಡಿಡಾ ಮಿದುಳಿಗೂ ಇಳಿದು ಪ್ರಾಣ ತೆಗೆದಿತ್ತು. ಊರಿನ ಕರೆಂಟಿನ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಫೀಡರ್ ಕೆಟ್ಟರೆ ಒಂದು ಬೀದಿ ಕತ್ತಲಾಗುತ್ತದೆ, ಪಕ್ಕದ ಲೈನಿನಿಂದ ಹೇಗೋ ಸುಧಾರಿಸಬಹುದು. ಸಬ್‌ಸ್ಟೇಷನ್ನೇ ಸುಟ್ಟರೆ ಹೋಬಳಿಗೆ ಹೋಬಳಿಯೇ ಕತ್ತಲು. 2013ರಲ್ಲಿ ಅಲ್ಜೀರಿಯ, ಮೊರಾಕೊ, ಟ್ಯುನೀಷಿಯ ಮೂಲದ 17 ರೋಗಿಗಳ ವರದಿ ಬಂತು. ಅವರಿಗಿದ್ದ ಶಿಲೀಂಧ್ರ ನಮ್ಮ ತೊಡೆಸಂದಿಯ ಹುಳುಕಡ್ಡಿಯ ಜಾತಿಯದೇ. ಎಲ್ಲರಲ್ಲೂ ಚರ್ಮದ ಮೇಲೆಯೇ ನಿಲ್ಲುವ ಆ ಸೋಂಕು ಇವರಲ್ಲಿ ಚರ್ಮದಡಿಗೆ ಇಳಿದು ದುಗ್ಧಗ್ರಂಥಿಗಳನ್ನು ಸೇರಿತ್ತು. ಕೆಟ್ಟದ್ದು ಕಾರ್ಡ್-9 ಒಂದೇ.

ಹುಟ್ಟಿನಿಂದ ಜೀನು ಕೆಟ್ಟವರು ಅಪರೂಪ. ಆದರೆ ಗುರುತಿನ ಈ ವ್ಯವಸ್ಥೆಯನ್ನು ನಾವಾಗಿಯೇ ಮಂಕಾಗಿಸಬಹುದು. ನಮ್ಮ ಬೀದಿಯ ಆಟೊ ಚಾಲಕರೊಬ್ಬರು ಹುಳುಕಡ್ಡಿಗೆ ಅಂಗಡಿಯಲ್ಲಿ ಕೇಳಿ ತಂದ ಮುಲಾಮು ತೋರಿಸಿದರು. “ಹಚ್ಚಿದ ಮೂರೇ ದಿನಕ್ಕೆ ಕೆರೆತ ಮಾಯ ಸಾರ್. ಬಿಟ್ಟ ವಾರಕ್ಕೆ ಎರಡರಷ್ಟು ಅಗಲ ಆಗಿ ವಾಪಸ್!” ಟ್ಯೂಬಿನ ಮೇಲಿನ ಸಣ್ಣಕ್ಷರ ಓದಿದೆ: ಶಿಲೀಂಧ್ರದ ಮದ್ದಿನ ಜೊತೆ ಗಟ್ಟಿ ಸ್ಟೆರಾಯ್ಡ್. ಕೆರೆತ, ಕೆಂಪು, ಉರಿ ಇವೆಲ್ಲ ನಮ್ಮ ಕೋಶಗಳು ಬೂಷ್ಟನ್ನು ಕಂಡು ಎಬ್ಬಿಸಿದ ಗದ್ದಲ. ಸ್ಟೆರಾಯ್ಡ್ ಆ ಗದ್ದಲವನ್ನು ಅಡಗಿಸುತ್ತದೆ. ನಾಯಿ ಬೊಗಳುವುದು ನಿಂತಿತೆಂದು ಮನೆಯವರು ನೆಮ್ಮದಿಯಾಗಿ ಮಲಗುತ್ತಾರೆ, ಕಳ್ಳ ಒಳಗೇ ಇರುತ್ತಾನೆ. ದೇಶದಲ್ಲಿ ಈಗ ಹಬ್ಬಿರುವ, ಸಾಮಾನ್ಯ ಮಾತ್ರೆಗೆ ಬಗ್ಗದ ಹುಳುಕಡ್ಡಿಯ ಶಿಲೀಂಧ್ರಕ್ಕೆ 2020ರಲ್ಲಿ ಇಟ್ಟ ಹೆಸರಿನಲ್ಲೇ ಇಂಡಿಯಾ ಇದೆ: ಟ್ರೈಕೊಫೈಟಾನ್ ಇಂಡೊಟಿನಿಯೆ. ಅದು ಇಷ್ಟು ಹಬ್ಬಲು ಇಂಥ ಬೆರಕೆ ಮುಲಾಮುಗಳೂ ಒಂದು ಕಾರಣವೆಂದು ಚರ್ಮವೈದ್ಯರು ಎಚ್ಚರಿಸುತ್ತಲೇ ಬಂದಿದ್ದಾರೆ.

2021ರ ಮೇ ತಿಂಗಳನ್ನು ಯಾರೂ ಮರೆತಿಲ್ಲ. ಕೋವಿಡ್‌ನಿಂದ ಎದ್ದು ಕೂತವರ ಕಣ್ಣು, ದವಡೆಗಳನ್ನು ಬ್ಲ್ಯಾಕ್ ಫಂಗಸ್ ಕಿತ್ತುಕೊಂಡಿತು. ಜೂನ್ ಕೊನೆಗೆ ದೇಶದಲ್ಲಿ ಪ್ರಕರಣಗಳು 40 ಸಾವಿರ ದಾಟಿದ್ದವು. ಆ ಶಿಲೀಂಧ್ರವೇನೂ ಕಪ್ಪಗಿಲ್ಲ. ರಕ್ತನಾಳಕ್ಕೆ ನುಗ್ಗಿ ರಕ್ತ ನಿಲ್ಲಿಸುವುದರಿಂದ ಸತ್ತ ಮಾಂಸ ಕಪ್ಪಾಗುತ್ತದೆ. ಅಲ್ಲೂ ರಿಸೆಪ್ಟರಿನ ಕಥೆಯಿದೆ, ಆದರೆ ತಿರುವುಮುರುವಾಗಿ. ನಮ್ಮ ರಕ್ತನಾಳದ ಒಳಗೋಡೆಯ ಕೋಶಗಳಲ್ಲಿ ಜಿಆರ್‌ಪಿ-78 ಎಂಬ ಪ್ರೋಟೀನಿದೆ. ರೈಜೋಪಸ್ ಎಂಬ ಈ ಬೂಷ್ಟು ಅದನ್ನೇ ಚಿಲಕದಂತೆ ಹಿಡಿದು ಒಳನುಗ್ಗುತ್ತದೆ. ರಕ್ತದಲ್ಲಿ ಸಕ್ಕರೆಯೂ ಕಬ್ಬಿಣದ ಅಂಶವೂ ಏರಿದಾಗ ಈ ಚಿಲಕಗಳ ಸಂಖ್ಯೆ ಹೆಚ್ಚುತ್ತದೆ. ಕೋವಿಡ್‌ಗೆ ಕೊಟ್ಟ ಸ್ಟೆರಾಯ್ಡ್ ಅನೇಕರ ಜೀವ ಉಳಿಸಿದ್ದು ನಿಜ. ಅಳತೆ ಮೀರಿ, ದಿನ ಮೀರಿ ಕೊಟ್ಟ ಕಡೆಯಲ್ಲಿ ಅದು ಕಾವಲಿನವರ ಕಣ್ಣು ಕಟ್ಟಿತು, ಸಕ್ಕರೆ ಏರಿಸಿ ಬಾಗಿಲಿಗೆ ಚಿಲಕಗಳನ್ನೂ ಜೋಡಿಸಿತು.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮೊದಲ ಸಲ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿ ಮಾಡಿತು. ಅದರಲ್ಲಿರುವ 19ರಲ್ಲಿ ಒಂದಕ್ಕೂ ಮನುಷ್ಯರಿಗೆ ಕೊಡುವ ಲಸಿಕೆ ಇನ್ನೂ ಬಂದಿಲ್ಲ. ಆಸೆ ಇರುವುದು ಮತ್ತದೇ ಗುರುತಿನಲ್ಲಿ. ಶಿಲೀಂಧ್ರವನ್ನು ಕೊಲ್ಲಲಾರದಷ್ಟು ಸ್ವಲ್ಪವೇ ಕ್ಯಾಸ್ಪೊಫಂಜಿನ್ ಕೊಟ್ಟರೂ ಕ್ಯಾಂಡಿಡಾದ ಹೊದಿಕೆ ಸಡಿಲಾಗಿ ಬೀಟಾ-ಗ್ಲುಕಾನ್ ಹೊರಗೆ ಕಾಣುತ್ತದೆ, ಮ್ಯಾಕ್ರೋಫೇಜ್‌ಗಳು ಚುರುಕಾಗುತ್ತವೆ ಎಂದು 2006ರಲ್ಲೇ ತಿಳಿದಿದೆ. ಶಿಲೀಂಧ್ರವನ್ನು ತಾನೇ ಕೊಲ್ಲಲಾಗದಿದ್ದರೂ ಮುಸುಕು ಎಳೆದುಕೊಟ್ಟರೆ ಮದ್ದಿನ ಅರ್ಧ ಕೆಲಸ ಆದಂತೆ.

ಅಂಥ ಮದ್ದು ಬರುವವರೆಗೆ ನಮ್ಮ ಕೈಲಾಗುವುದು ಸಣ್ಣಪುಟ್ಟದ್ದು. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಯಲ್ಲಿಡುವುದು, ಚರ್ಮದ ತುರಿಕೆಗೆ ಅಂಗಡಿಯವನ ಬದಲು ವೈದ್ಯರನ್ನು ಕೇಳುವುದು, ಸ್ಟೆರಾಯ್ಡನ್ನು ಅವರು ಹೇಳಿದಷ್ಟು ದಿನ ಮಾತ್ರ ತೆಗೆದುಕೊಳ್ಳುವುದು. ‘ಬೂಸ್ಟು’ ಬರೆದ ಡಬ್ಬಿ ಕೊಳ್ಳುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಬಹುದು: ನನ್ನ ಕೋಶಗಳಲ್ಲಿ ಯಾವುದನ್ನು ಎಬ್ಬಿಸುತ್ತಾರಂತೆ, ಯಾರ ಮೇಲೆ, ಎಷ್ಟು ಹೊತ್ತು?

ಬೆಲ್ಟನ್ನು ಮೊನ್ನೆ ಮತ್ತೊಮ್ಮೆ ತೆಗೆದೆ. ಬಕ್ಕಲಿನ ಸಂದಿಯಲ್ಲಿ ಇನ್ನೂ ಒಂದಿಷ್ಟು ಹಸಿರು ಉಳಿದಿತ್ತು. ಈ ಸಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಮಹಡಿಯ ತಂತಿಯ ಮೇಲೆ ಬಿಸಿಲಿಗೆ ಹಾಕಿದೆ. ಸೀನು ಬರಲಿಲ್ಲ. ಉಸಿರಿನ ಜೊತೆ ಅವತ್ತಿನ ನೂರಾರು ಬೀಜಾಣು ಎಂದಿನಂತೆ ಒಳಗೆ ಹೋಗಿರಬೇಕು. ಗುಡಿಸುವವರು ಗುಡಿಸಿದ್ದಾರೆ.